ಕೈಬಿಟ್ಟ ಗಣಿಗಳ ಜಲಮಾಲಿನ್ಯ ನಿವಾರಣೆ

ಕೈಬಿಟ್ಟ ಗಣಿಗಳ ಜಲಮಾಲಿನ್ಯ ನಿವಾರಣೆ ಎಂದರೆ ಗಣಿಗಾರಿಕೆ ನಿಂತುಹೋದ ಸ್ಥಳಗಳಿಂದ ಹೊಳೆ, ಕೆರೆ ಮತ್ತು ಅಂತರ್ಜಲಕ್ಕೆ ಸೇರುವ ಆಮ್ಲ, ಲೋಹಾಂಶ, ರಾಸಾಯನಿಕ ಮತ್ತು ಹೂಳನ್ನು ತಡೆಯುವ ಹಾಗೂ ಈಗಾಗಲೇ ಕೆಟ್ಟಿರುವ ನೀರನ್ನು ಶುದ್ಧೀಕರಿಸುವ ಕ್ರಮಗಳ ಒಟ್ಟು ಹೆಸರು. ಕಾರ್ಖಾನೆಯೊಂದು ಮುಚ್ಚಿದರೆ ಅದರ ಕೊಳಚೆಯ ಹರಿವೂ ನಿಲ್ಲುತ್ತದೆ. ಗಣಿಯ ವಿಷಯ ಹಾಗಲ್ಲ. ಅಗೆದ ಬಂಡೆ ಗಾಳಿ ಮತ್ತು ಮಳೆಗೆ ತೆರೆದುಕೊಂಡಿರುವವರೆಗೂ ಅದರಿಂದ ಮಾಲಿನ್ಯ ಹೊರಬರುತ್ತಲೇ ಇರುತ್ತದೆ. ನೀರೆತ್ತುವ ಪಂಪುಗಳು ನಿಂತ ಮೇಲೆ ಕೆಲವೆಡೆ ಅದು ಹೆಚ್ಚುವುದೂ ಉಂಟು. ಕರ್ನಾಟಕದಲ್ಲಿ 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿ, 2005ರ ಕೊನೆಗೆ ನಿಂತ ಕುದುರೆಮುಖದ ಕಬ್ಬಿಣದ ಗಣಿ ಮತ್ತು 2011ರ ನಂತರ ಸ್ಥಗಿತಗೊಂಡ ಬಳ್ಳಾರಿ ಸೀಮೆಯ ಗಣಿಗಳು ಈ ಸಮಸ್ಯೆಯ ಮೂರು ಬೇರೆ ಬೇರೆ ರೂಪಗಳನ್ನು ತೋರಿಸುತ್ತವೆ.

ಮಾಲಿನ್ಯ ಉಂಟಾಗುವ ಬಗೆ

ಗಣಿಯಿಂದ ಎಂತಹ ಮಾಲಿನ್ಯ ಹೊರಬರುತ್ತದೆ ಎಂಬುದನ್ನು ಮುಖ್ಯವಾಗಿ ಅಲ್ಲಿನ ಶಿಲೆ ನಿರ್ಧರಿಸುತ್ತದೆ. ತಾಮ್ರ, ಸೀಸ, ಸತು, ಕಲ್ಲಿದ್ದಲು ಹಾಗೂ ಅನೇಕ ಚಿನ್ನದ ನಿಕ್ಷೇಪಗಳಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಎಂಬ ಖನಿಜವಿರುತ್ತದೆ. ನೆಲದಾಳದಲ್ಲಿ ಆಮ್ಲಜನಕ ದೊರೆಯದೆ ಸ್ಥಿರವಾಗಿರುವ ಪೈರೈಟ್, ಸುರಂಗ ಕೊರೆದಾಗ ಅಥವಾ ಬಂಡೆ ಪುಡಿಯಾದಾಗ ಗಾಳಿ ಮತ್ತು ನೀರಿನೊಡನೆ ವರ್ತಿಸಿ ಗಂಧಕಾಮ್ಲವನ್ನು ಉಂಟುಮಾಡುತ್ತದೆ. ಆಸಿಡಿಥಿಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಎಂಬ ಬ್ಯಾಕ್ಟೀರಿಯಾ ಈ ಕ್ರಿಯೆಯನ್ನು ಅನೇಕ ಪಟ್ಟು ತ್ವರಿತಗೊಳಿಸುತ್ತದೆ. ಹೀಗೆ ಆಮ್ಲೀಯಗೊಂಡ ನೀರು ತಾನು ಹರಿಯುವ ದಾರಿಯ ಕಲ್ಲಿನಿಂದ ತಾಮ್ರ, ಸತು, ಕ್ಯಾಡ್ಮಿಯಂ, ಅಲ್ಯೂಮಿನಿಯಂ ಮೊದಲಾದ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಇದನ್ನು ಆಮ್ಲೀಯ ಗಣಿ ಒಸರು ಎನ್ನುತ್ತಾರೆ. ಅದು ಹೊಳೆಗೆ ಸೇರಿ ತಿಳಿಯಾದ ನೀರಿನೊಡನೆ ಬೆರೆತಾಗ ಕಬ್ಬಿಣಾಂಶ ಕಿತ್ತಳೆ ಬಣ್ಣದ ಗಷ್ಟಾಗಿ ತಳದ ಕಲ್ಲುಗಳ ಮೇಲೆ ಕೂರುತ್ತದೆ. ಮೀನುಗಳು ಮೊಟ್ಟೆಯಿಡುವ ಸಂದುಗಳು ಮುಚ್ಚಿಹೋಗುತ್ತವೆ.

ಆಮ್ಲವಿಲ್ಲದೆಯೂ ಗಣಿ ನೀರನ್ನು ಕೆಡಿಸಬಲ್ಲದು. ಕಬ್ಬಿಣದ ಆಕ್ಸೈಡ್ ಅದಿರಿನಲ್ಲಿ ಗಂಧಕ ಕಡಿಮೆ ಇರುವುದರಿಂದ ಅಲ್ಲಿ ಮುಖ್ಯ ತೊಂದರೆ ಹೂಳಿನದು. ಚಿನ್ನದ ಗಣಿಗಳಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಬಳಸಿದ ಪಾದರಸ ಮತ್ತು ಸೈನೈಡ್‌ನ ಉಳಿಕೆಗಳ ಜೊತೆಗೆ ಅದಿರಿನಲ್ಲೇ ಇರುವ ಆರ್ಸೆನಿಕ್ ಕೂಡ ಸೇರಬಹುದು. ಮ್ಯಾಂಗನೀಸ್ ಗಣಿಗಳ ನೀರು ಪಾತ್ರೆ, ಬಟ್ಟೆಗಳ ಮೇಲೆ ಕಪ್ಪು ಕಲೆ ಉಳಿಸುತ್ತದೆ.

ಅದಿರನ್ನು ನುಣ್ಣಗೆ ಅರೆದು ಬೇಕಾದ ಖನಿಜವನ್ನು ಬೇರ್ಪಡಿಸಿದ ಮೇಲೆ ಉಳಿಯುವ ತ್ಯಾಜ್ಯಕ್ಕೆ ಟೇಲಿಂಗ್ಸ್ ಎಂಬ ಹೆಸರೇ ಬಳಕೆಯಲ್ಲಿದೆ. ಹಿಟ್ಟಿನಷ್ಟು ನುಣುಪಾದ ಈ ತ್ಯಾಜ್ಯ ಒಣಗಿದಾಗ ಧೂಳಾಗಿ ಹಾರುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ. ಇಡೀ ಬಂಡೆಗಿಂತ ಪುಡಿಯ ಮೇಲ್ಮೈ ಹೆಚ್ಚಾಗಿರುವುದರಿಂದ ರಾಸಾಯನಿಕ ಕ್ರಿಯೆಯೂ ಅದರಲ್ಲಿ ವೇಗವಾಗಿ ನಡೆಯುತ್ತದೆ.

ನಿವಾರಣೆಯ ವಿಧಾನಗಳು

ಮೊದಲ ಹೆಜ್ಜೆ ಶುದ್ಧ ನೀರನ್ನು ಗಣಿಯಿಂದ ದೂರವಿಡುವುದು. ಗುಡ್ಡದ ಮೇಲಿಂದ ಬರುವ ಮಳೆನೀರು ತ್ಯಾಜ್ಯದ ರಾಶಿಯನ್ನು ಮುಟ್ಟದಂತೆ ಸುತ್ತುಗಾಲುವೆ ತೋಡುತ್ತಾರೆ. ರಾಶಿಯ ಬುಡಕ್ಕೆ ತಡೆಗೋಡೆ ಕಟ್ಟಿ, ಇಳಿಜಾರನ್ನು ಮೆಟ್ಟಿಲಾಗಿಸಿ, ಮೇಲೆ ಜೇಡಿಮಣ್ಣು ಮತ್ತು ಮೇಲ್ಮಣ್ಣಿನ ಹೊದಿಕೆ ಹಾಕಿ ಹುಲ್ಲು ಬೆಳೆಸುತ್ತಾರೆ. ಆಳಕ್ಕೆ ಬೇರುಬಿಡುವ ಲಾವಂಚವನ್ನು ಹಲವು ದೇಶಗಳಲ್ಲಿ ಇದಕ್ಕಾಗಿ ನೆಡಲಾಗಿದೆ. ಈ ಕೆಲಸ ನೋಡಲು ಸಾಧಾರಣವೆನಿಸಿದರೂ ಮುಂದೆ ಶುದ್ಧೀಕರಿಸಬೇಕಾದ ನೀರಿನ ಪ್ರಮಾಣವನ್ನೇ ತಗ್ಗಿಸುವುದರಿಂದ ಅತಿ ಹೆಚ್ಚು ಫಲ ಕೊಡುವುದು ಇದೇ. ಆದರೆ ಲೋಹಾಂಶವಿರುವ ನೆಲದಲ್ಲಿ ಬೆಳೆದ ಹುಲ್ಲಿನ ಮೂಲಕ ಲೋಹಗಳು ಜಾನುವಾರುಗಳಿಗೆ ಸೇರುವ ಸಾಧ್ಯತೆಯಿರುವುದರಿಂದ ಅಂತಹ ಕಡೆ ಮೇಯಿಸುವುದನ್ನು ನಿಷೇಧಿಸಬೇಕಾಗುತ್ತದೆ.

ಹೊರಬಂದ ಆಮ್ಲೀಯ ನೀರಿಗೆ ಅತ್ಯಂತ ಹಳೆಯ ಮತ್ತು ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಮದ್ದು ಸುಣ್ಣ. ಸುಣ್ಣ ಬೆರೆಸಿದಾಗ ನೀರಿನ ಪಿಎಚ್ ಏರುತ್ತದೆ ಮತ್ತು ಕರಗಿದ ಲೋಹಗಳು ಒಂದೊಂದಾಗಿ ಗಷ್ಟಾಗಿ ಬೇರ್ಪಡುತ್ತವೆ. ಫೆರಿಕ್ ರೂಪದ ಕಬ್ಬಿಣ ಪಿಎಚ್ ಸುಮಾರು 3.5ರಲ್ಲಿಯೇ ಕೂರತೊಡಗಿದರೆ, ಅಲ್ಯೂಮಿನಿಯಂಗೆ ಸುಮಾರು 5 ಬೇಕು. ಸತುವಿಗೆ 8ಕ್ಕಿಂತ ಹೆಚ್ಚು, ಮ್ಯಾಂಗನೀಸ್‌ಗೆ 9ಕ್ಕೂ ಮಿಗಿಲು ಬೇಕಾಗುತ್ತದೆ. ಹಾಗಾಗಿ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಎಲ್ಲ ಲೋಹಗಳೂ ಹೋದವೆಂದು ತಿಳಿಯುವಂತಿಲ್ಲ. ಈ ವಿಧಾನಕ್ಕೆ ವಿದ್ಯುತ್ತು, ಯಂತ್ರ ಮತ್ತು ಕೆಲಸಗಾರರು ನಿರಂತರವಾಗಿ ಬೇಕು. ಸಂಗ್ರಹವಾಗುವ ಗಷ್ಟನ್ನು ಸುರಕ್ಷಿತವಾಗಿ ಇಡಲು ಬೇರೆ ಜಾಗವೂ ಬೇಕು.

ಯಂತ್ರಗಳಿಲ್ಲದೆ ನಡೆಯುವ ವಿಧಾನಗಳಲ್ಲಿ ಸುಣ್ಣಕಲ್ಲು ತುಂಬಿದ ಕಾಲುವೆಗಳು ಮತ್ತು ಕೃತಕ ಜೌಗುಪ್ರದೇಶಗಳು ಮುಖ್ಯವಾದವು. ಗಾಳಿಯಾಡುವ ಕಾಲುವೆಯಲ್ಲಿ ಕಬ್ಬಿಣದ ಗಷ್ಟು ಸುಣ್ಣಕಲ್ಲಿಗೆ ಕವಚದಂತೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದ ಆಮ್ಲಜನಕ ಸೇರದಂತೆ ಕಾಲುವೆಯನ್ನು ನೆಲದೊಳಗೆ ಹೂಳುವ ಪದ್ಧತಿಯಿದೆ. ಜೌಗಿನ ತಳದಲ್ಲಿ ಸಗಣಿಗೊಬ್ಬರ, ಮರದ ಪುಡಿ ಮುಂತಾದ ಜೈವಿಕ ವಸ್ತುಗಳನ್ನು ಹಾಕಿದರೆ ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿ ಪರಿವರ್ತಿಸಿ ಲೋಹಗಳನ್ನು ಕೆಸರಿನಲ್ಲಿ ಹಿಡಿದಿಡುತ್ತವೆ. ಗಣಿಯಲ್ಲಿ ನಡೆದ ಕ್ರಿಯೆ ಇಲ್ಲಿ ಹಿಮ್ಮುಖವಾಗಿ ನಡೆಯುತ್ತದೆ. ವಿಶಾಲವಾದ ಜಾಗ ಮತ್ತು ಸಾಧಾರಣ ಹರಿವು ಇರುವಲ್ಲಿ ಇದು ಹೊಂದುತ್ತದೆ. ಮಲೆನಾಡಿನ ಮುಂಗಾರಿನಂತಹ ಹಠಾತ್ ಪ್ರವಾಹವನ್ನು ತಾಳಿಕೊಳ್ಳುವಂತೆ ಇದನ್ನು ರೂಪಿಸುವುದು ಕಷ್ಟ.

ಸುರಂಗದ ಬಾಯನ್ನು ಕಾಂಕ್ರೀಟಿನಿಂದ ಮುಚ್ಚುವುದು ಇನ್ನೊಂದು ಮಾರ್ಗ. ಒಳಗೆ ನೀರು ತುಂಬಿ ಬಂಡೆ ಮುಳುಗಿದರೆ ಆಮ್ಲಜನಕ ಸಿಗದೆ ಆಮ್ಲ ಉತ್ಪತ್ತಿ ಕುಗ್ಗುತ್ತದೆ. ಆದರೆ ಒತ್ತಡ ಹೆಚ್ಚಿ ನೀರು ಬೇರೆ ದಾರಿ ಹುಡುಕಿಕೊಳ್ಳುವ ಅಪಾಯವಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವೀಲ್ ಜೇನ್ ತವರದ ಗಣಿ 1991ರಲ್ಲಿ ಮುಚ್ಚಿ ಪಂಪುಗಳು ನಿಂತವು. 1992ರ ಜನವರಿಯಲ್ಲಿ ಸುಮಾರು 5 ಕೋಟಿ ಲೀಟರ್ ಕಲುಷಿತ ನೀರು ಒಮ್ಮೆಲೇ ಹೊರನುಗ್ಗಿ ಫಾಲ್ ನದಿಯ ಅಳಿವೆಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಅಮೆರಿಕದ ಕೊಲೊರಾಡೊದಲ್ಲಿ 2015ರ ಆಗಸ್ಟ್ 5ರಂದು ಗೋಲ್ಡ್ ಕಿಂಗ್ ಗಣಿಯ ಬಾಯಿಯನ್ನು ಪರೀಕ್ಷಿಸುತ್ತಿದ್ದ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯ ತಂಡದ ಕೆಲಸದ ವೇಳೆಯಲ್ಲೇ ಕಟ್ಟೆ ಒಡೆದು 1 ಕೋಟಿ ಲೀಟರಿಗೂ ಹೆಚ್ಚು ನೀರು ಅನಿಮಾಸ್ ನದಿಗೆ ಹರಿಯಿತು. ಶುದ್ಧೀಕರಣದ ಕೆಲಸವೇ ಮಾಲಿನ್ಯಕ್ಕೆ ಕಾರಣವಾದ ಪ್ರಸಂಗವಾಗಿ ಇದನ್ನು ಉಲ್ಲೇಖಿಸಲಾಗುತ್ತದೆ.

ಕುದುರೆಮುಖ ಮತ್ತು ಭದ್ರಾ ನದಿ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಮ್ಯಾಗ್ನೆಟೈಟ್ ಅದಿರನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಗುತ್ತಿಗೆಯ ವಿಸ್ತೀರ್ಣ 4,604.55 ಹೆಕ್ಟೇರ್. ವರ್ಷಕ್ಕೆ 2.25 ಕೋಟಿ ಟನ್ ಅದಿರನ್ನು ಅರೆದು 75 ಲಕ್ಷ ಟನ್ ಸಾಂದ್ರೀಕೃತ ಅದಿರನ್ನು ಪಡೆಯುವಂತೆ ಕಾರ್ಖಾನೆಯನ್ನು ರೂಪಿಸಲಾಗಿತ್ತು. ಸಾಂದ್ರೀಕೃತ ಅದಿರು ನೀರಿನೊಡನೆ ಬೆರೆತು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹೋಗುತ್ತಿತ್ತು. ಈ ಲೆಕ್ಕದಲ್ಲಿ ಅರೆದ ಅದಿರಿನ ಮೂರನೆಯ ಎರಡು ಪಾಲು ತ್ಯಾಜ್ಯವಾಗಿ ಬೆಟ್ಟದ ಮೇಲೆಯೇ ಉಳಿಯಬೇಕಿತ್ತು. ಅದನ್ನು ತಡೆದಿಡಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟನ್ನು ಕಟ್ಟಲಾಯಿತು.

ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಹುಟ್ಟುತ್ತವೆ. ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಜಲಾಶಯವನ್ನು ಸೇರಿ, ಭದ್ರಾವತಿಯ ಮೂಲಕ ಶಿವಮೊಗ್ಗ ಸಮೀಪದ ಕೂಡಲಿಯಲ್ಲಿ ತುಂಗೆಯೊಡನೆ ಕೂಡುತ್ತದೆ. ವರ್ಷಕ್ಕೆ 6,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಇಳಿಜಾರನ್ನು ತೆರೆದ ಗಣಿಯಾಗಿ ಅಗೆದುದರಿಂದ ಮಳೆಗಾಲದಲ್ಲಿ ನದಿಯು ಕೆಂಪಾಗಿ ಹರಿಯುವುದು ಕೆಳಗಿನ ಊರುಗಳ ಜನರ ಮುಖ್ಯ ದೂರಾಗಿತ್ತು. ಗಣಿ ಪ್ರದೇಶವು ಜಲಾನಯನದ ಸಣ್ಣ ಭಾಗವಾಗಿದ್ದರೂ ನದಿಯ ತೇಲುಹೂಳಿನಲ್ಲಿ ಅದರ ಪಾಲು ವಿಸ್ತೀರ್ಣಕ್ಕೆ ಹೋಲಿಸಿದರೆ ಬಹಳ ಹೆಚ್ಚೆಂದು ಜಗದೀಶ್ ಕೃಷ್ಣಸ್ವಾಮಿ ಮತ್ತು ಸಹಲೇಖಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಗುತ್ತಿಗೆಯ ಅವಧಿ 1999ರಲ್ಲಿ ಮುಗಿಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಕೊನೆಯೊಳಗೆ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಆದೇಶಿಸಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇಲ್ಲಿ ಆಮ್ಲೀಯ ಒಸರಿಗಿಂತ ಹೂಳು ಮತ್ತು ಅಣೆಕಟ್ಟು ದೊಡ್ಡ ಪ್ರಶ್ನೆಗಳು. ಅಗೆದ ಇಳಿಜಾರನ್ನು ಹಸಿರಾಗಿಸಲು ಬೇಗ ಬೆಳೆಯುವ ಅಕೇಶಿಯದಂತಹ ಪರದೇಶಿ ಮರಗಳನ್ನು ನೆಡುವುದು ಸುಲಭ. ಆದರೆ ಅವು ಮೂಲದ ಹುಲ್ಲುಗಾವಲಿಗೆ ಬದಲಿಯಲ್ಲ. ಹುಲ್ಲಿನ ಬೇರುಹೆಣಿಗೆ ಮೇಲ್ಮಣ್ಣನ್ನು ಹಿಡಿದಿಡುವಷ್ಟು ಚೆನ್ನಾಗಿ ಅಕೇಶಿಯ ತೋಪಿನ ಬುಡ ಹಿಡಿದಿಡುವುದಿಲ್ಲ ಎಂಬುದು ಪರಿಸರ ತಜ್ಞರ ಸಾಮಾನ್ಯ ಆಕ್ಷೇಪ. ಲಕ್ಯಾ ಅಣೆಕಟ್ಟಿನ ಹಿಂದೆ ಎರಡೂವರೆ ದಶಕಗಳ ತ್ಯಾಜ್ಯ ತುಂಬಿದೆ. ಅದನ್ನು ಬೇರೆಡೆಗೆ ಸಾಗಿಸುವುದು ಕಾರ್ಯಸಾಧ್ಯವಲ್ಲದ ಕಾರಣ ಅಣೆಕಟ್ಟಿನ ಕೋಡಿ, ಬಸಿಗಾಲುವೆ ಮತ್ತು ಏರಿಯ ತಪಾಸಣೆ ಪ್ರತಿ ಮಳೆಗಾಲವೂ ನಡೆಯಲೇಬೇಕು. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕುಸಿದು 270 ಜನರ ಸಾವಿಗೆ ಕಾರಣವಾದದ್ದೂ ಕಬ್ಬಿಣದ ಅದಿರಿನ ತ್ಯಾಜ್ಯದ ಅಣೆಕಟ್ಟೇ. ಅಲ್ಲಿಗೆ ಹೊಸ ತ್ಯಾಜ್ಯ ಸುರಿಯುವುದು ನಿಂತು ಸುಮಾರು ಮೂರು ವರ್ಷ ಕಳೆದಿತ್ತು.

ಕುದುರೆಮುಖದ ಲೆಕ್ಕ ಇನ್ನೂ ಮುಗಿದಿಲ್ಲ. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಕುದುರೆಮುಖದಲ್ಲಿನ ಅರಣ್ಯ ಸಂಬಂಧಿ ಬಾಕಿಗಳು ಇತ್ಯರ್ಥವಾಗುವವರೆಗೆ ಸಂಡೂರು ತಾಲ್ಲೂಕಿನ ದೇವದಾರಿಯಲ್ಲಿ ಅದೇ ಕಂಪನಿಗೆ ಅರಣ್ಯಭೂಮಿಯನ್ನು ಹಸ್ತಾಂತರಿಸಬಾರದೆಂದು ಅಧಿಕಾರಿಗಳಿಗೆ ಸೂಚಿಸಿದರು.

ಕೋಲಾರ ಚಿನ್ನದ ಗಣಿ

ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಿಂದ ಆಧುನಿಕ ಗಣಿಗಾರಿಕೆಯನ್ನು ಆರಂಭಿಸಿತು. ಕಾರ್ನ್‌ವಾಲ್‌ನ ಅನೇಕ ಗಣಿ ಕೆಲಸಗಾರರು ಇಲ್ಲಿಗೆ ಬಂದು ನೆಲೆಸಿದ್ದರು. ಸುಮಾರು 120 ವರ್ಷಗಳಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂದಿತು. ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆನಿಸಿತ್ತು. 1972ರಲ್ಲಿ ರೂಪುಗೊಂಡ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿತು. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ನೆಲದ ಮೇಲೆ ಉಳಿದದ್ದು ತ್ಯಾಜ್ಯದ ದಿಬ್ಬಗಳು. ಅದಿರಿನಿಂದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನಕ್ಕೆ 1887ರಲ್ಲಿ ಗ್ಲಾಸ್ಗೊದಲ್ಲಿ ಪೇಟೆಂಟ್ ದೊರೆತ ಬಳಿಕ ಅದು ಕೋಲಾರಕ್ಕೂ ಬಂದಿತು. ಹೀಗಾಗಿಯೇ ಈ ದಿಬ್ಬಗಳಿಗೆ ಸೈನೈಡ್ ಗುಡ್ಡಗಳೆಂಬ ಹೆಸರು. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದ್ದು, ಸುಮಾರು 1,003 ಎಕರೆಗಳಷ್ಟು ಜಾಗವನ್ನು ಅವು ಆಕ್ರಮಿಸಿವೆ. 2018ರ ಕನ್ನಡ ಚಲನಚಿತ್ರ 'ಕೆ.ಜಿ.ಎಫ್'ನ ಚಿತ್ರೀಕರಣದ ನಂತರ ಹೊರಗಿನವರಿಗೂ ಈ ಗುಡ್ಡಗಳು ಪರಿಚಿತವಾದವು. ಅವುಗಳ ತಪ್ಪಲಿನ ಕಾಲೊನಿಗಳಲ್ಲಿ ವಾಸಿಸುವ ಹಳೆಯ ಗಣಿ ಕಾರ್ಮಿಕರ ಕುಟುಂಬಗಳು ಬೇಸಿಗೆಯ ಗಾಳಿಯಲ್ಲಿ ಏಳುವ ಬಿಳಿ ಧೂಳನ್ನು ತಲೆಮಾರುಗಳಿಂದ ಕಂಡಿವೆ.

ಗುಡ್ಡದ ಹೆಸರು ಅಪಾಯದ ಸ್ವರೂಪವನ್ನು ಪೂರ್ಣವಾಗಿ ತಿಳಿಸುವುದಿಲ್ಲ. ಮೇಲ್ಪದರದ ಸೈನೈಡ್ ಬಿಸಿಲು, ಗಾಳಿ ಮತ್ತು ಸೂಕ್ಷ್ಮಜೀವಿಗಳಿಂದ ಕಾಲಕ್ರಮೇಣ ವಿಘಟನೆಗೊಳ್ಳುತ್ತದೆ. ಆದರೆ ಕಬ್ಬಿಣದೊಡನೆ ಬಿಗಿಯಾಗಿ ಕೂಡಿದ ಸೈನೈಡ್ ಬಿಸಿಲು ತಾಗದ ಒಳಪದರಗಳಲ್ಲಿ ದೀರ್ಘಕಾಲ ಉಳಿಯಬಲ್ಲದು. ಆರ್ಸೆನಿಕ್‌ನಂತಹ ಧಾತುಗಳು ವಿಘಟನೆಗೊಳ್ಳುವುದೇ ಇಲ್ಲ. ಆದ್ದರಿಂದ ಇಂತಹ ದಿಬ್ಬಗಳ ಸುತ್ತಲಿನ ಬಾವಿ ಮತ್ತು ಕೊಳವೆಬಾವಿಗಳ ನೀರಿನಲ್ಲಿ ಸೈನೈಡ್ ಒಂದನ್ನೇ ಪರೀಕ್ಷಿಸಿದರೆ ಸಾಲದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಸೈನೈಡ್ ಲೀಟರಿಗೆ 0.05 ಮಿ.ಗ್ರಾಂ ಮತ್ತು ಆರ್ಸೆನಿಕ್ 0.01 ಮಿ.ಗ್ರಾಂ ಮೀರಬಾರದು. ಮಳೆ ಕಡಿಮೆಯಿರುವ ಕೋಲಾರದಲ್ಲಿ ಕುದುರೆಮುಖದಂತಹ ಪ್ರವಾಹದ ಭೀತಿಯಿಲ್ಲ. ಆದರೆ ಇದೇ ಕಾರಣದಿಂದ ಅಂತರ್ಜಲವನ್ನು ತಿಳಿಗೊಳಿಸುವಷ್ಟು ಹೊಸ ನೀರೂ ಇಂಗುವುದಿಲ್ಲ.

ದಿಬ್ಬಗಳನ್ನು ಮುಚ್ಚಿ ಹಸಿರಾಗಿಸಬೇಕೋ, ಮತ್ತೊಮ್ಮೆ ಸಂಸ್ಕರಿಸಿ ಉಳಿದ ಚಿನ್ನವನ್ನು ತೆಗೆಯಬೇಕೋ ಎಂಬ ಚರ್ಚೆ ಗಣಿ ಮುಚ್ಚಿದಂದಿನಿಂದಲೂ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಈ 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಮರುಸಂಸ್ಕರಣೆಯಿಂದ ಬರುವ ಆದಾಯವೇ ಸ್ವಚ್ಛತೆಯ ವೆಚ್ಚವನ್ನು ಭರಿಸಬಲ್ಲದು ಎಂಬುದು ಇದರ ಪರವಾದ ವಾದ. ಆದರೆ ಗಟ್ಟಿಯಾಗಿ ಕುಳಿತ ತ್ಯಾಜ್ಯವನ್ನು ಕೆದಕುವುದರಿಂದ ಧೂಳು ಏಳುತ್ತದೆ, ಸೈನೈಡ್ ಬಳಸಿದರೆ ತ್ಯಾಜ್ಯ ಮತ್ತೆ ವಿಷಯುಕ್ತವಾಗುತ್ತದೆ. ಚಿನ್ನ ತೆಗೆದ ಮೇಲೂ ತ್ಯಾಜ್ಯದ ತೂಕ ಬಹುತೇಕ ಅಷ್ಟೇ ಉಳಿಯುವುದರಿಂದ, ಅಡಿಯಲ್ಲಿ ನೀರಿಳಿಯದ ಹಾಸು ಇರುವ ಹೊಸ ಜಾಗದಲ್ಲಿ ಅದನ್ನು ಇಡದಿದ್ದರೆ ನೀರಿನ ದೃಷ್ಟಿಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇತರ ಸ್ಥಳಗಳು

ಚಿತ್ರದುರ್ಗ ಸಮೀಪದ ಇಂಗಳದಾಳ್ ತಾಮ್ರದ ಗಣಿ ಸಲ್ಫೈಡ್ ಅದಿರಿನದು. ಹೀಗಾಗಿ ರಾಜ್ಯದಲ್ಲಿ ಆಮ್ಲೀಯ ಒಸರಿನ ರಸಾಯನಶಾಸ್ತ್ರ ನೇರವಾಗಿ ಅನ್ವಯವಾಗುವ ಸ್ಥಳಗಳಲ್ಲಿ ಇದು ಒಂದು. ಶಿವಮೊಗ್ಗ ಜಿಲ್ಲೆಯ ಕುಂಸಿ ಸುತ್ತ 20ನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ತೆಗೆಯಲಾಗುತ್ತಿತ್ತು.

ಬಳ್ಳಾರಿ ಮತ್ತು ಸಂಡೂರು ಪ್ರದೇಶದ ಕಥೆ ಬೇರೆ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮದ ಪ್ರಮಾಣಕ್ಕೆ ಅನುಗುಣವಾಗಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಲಾಯಿತು. ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಇಳಿಜಾರಿನ ಬುಡಕ್ಕೆ ಗೋಡೆ, ಕೊರಕಲುಗಳಿಗೆ ಅಡ್ಡಗಟ್ಟೆ, ಹೂಳು ಕೂರಲು ಹೊಂಡ, ಮಣ್ಣು ಜಾರದಂತೆ ತೆಂಗಿನ ನಾರಿನ ಹಾಸು ಮುಂತಾದ ಕಾಮಗಾರಿಗಳು ಈ ಯೋಜನೆಗಳ ತಿರುಳು. ಕೆಲಸ ಪೂರೈಸದ ಗಣಿಗೆ ಮತ್ತೆ ಅದಿರು ತೆಗೆಯುವ ಅನುಮತಿ ಇಲ್ಲವೆಂಬ ಷರತ್ತು ಇಲ್ಲಿ ಪರಿಣಾಮಕಾರಿಯಾಯಿತು. ಅದಿರು ಮಾರಾಟದ ಹಣದ ಒಂದು ಪಾಲನ್ನು ಪ್ರದೇಶದ ಪುನಶ್ಚೇತನಕ್ಕೆ ತೆಗೆದಿಡಲಾಯಿತು. ಅದರ ಬಳಕೆಗಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು.

ಕಾನೂನು ಮತ್ತು ಹೊಣೆ

ಭಾರತದಲ್ಲಿ 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಮತ್ತು 1986ರ ಪರಿಸರ ಸಂರಕ್ಷಣಾ ಕಾಯಿದೆ ಗಣಿಗಳಿಗೂ ಅನ್ವಯಿಸುತ್ತವೆ. ಆದರೆ ಗಣಿಯನ್ನು ಹೇಗೆ ಮುಚ್ಚಬೇಕೆಂಬ ಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮ ಬಂದದ್ದು ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ 2003ರ ಏಪ್ರಿಲ್‌ನಲ್ಲಿ ಮಾಡಿದ ತಿದ್ದುಪಡಿಯಿಂದ. ಗಣಿಯ ಮಾಲೀಕರು ಇದಕ್ಕಾಗಿ ಹಣಕಾಸಿನ ಭದ್ರತೆಯನ್ನೂ ಇಡಬೇಕು. ಕೋಲಾರದ ಗಣಿ ಮುಚ್ಚಿದ್ದು ಈ ನಿಯಮಕ್ಕೆ ಎರಡು ವರ್ಷ ಮೊದಲು. ಅದಕ್ಕೂ ಹಿಂದೆ ಕೈಬಿಟ್ಟ ಸಣ್ಣಪುಟ್ಟ ಗಣಿಗಳ ಗುಂಡಿಗಳಿಗೆ ಹಲವೆಡೆ ಹೊಣೆಗಾರರೇ ಇಲ್ಲ, ಅವುಗಳ ಭಾರ ಸರ್ಕಾರದ ಮೇಲೆ ಬೀಳುತ್ತದೆ. 2017ರ ಹೊಸ ನಿಯಮಗಳು ಭದ್ರತೆಯ ಮೊತ್ತವನ್ನು ಹೆಚ್ಚಿಸಿದವು. ಆದರೆ ಈ ಮೊತ್ತವನ್ನು ಗಣಿಗೆ ಬಳಸಿದ ಭೂಮಿಯ ಹೆಕ್ಟೇರಿನ ಲೆಕ್ಕದಲ್ಲಿ ನಿಗದಿಪಡಿಸಲಾಗುತ್ತದೆ, ನೀರನ್ನು ಎಷ್ಟು ವರ್ಷ ಶುದ್ಧೀಕರಿಸಬೇಕಾದೀತೆಂಬ ಲೆಕ್ಕದಲ್ಲಲ್ಲ.